ಪರದೆ ಬಟ್ಟೆಯ ತೋಳುಪಟ್ಟಿ

ಫೆಬ್ರವರಿ ೪

ಮರೀ,

ಹಾಗಾಗಿ ಪರದೆಯನ್ನು ಕೊಟ್ಟೇಬಿಟ್ಟೆ. ಕೊಡಬಾರದಿತ್ತೇನೋ ಎಂದು ನಿನ್ನೆಯಿಂದ ಮನಸ್ಸು ಹೊಯ್ದಾಡುತ್ತಿದೆ. ಆದರೆ ಕತ್ತರಿಸಿಯೂ ಆಯಿತು, ಹೊಲಿದೂ ಆಯಿತು, ಇನ್ನೇನು. ಮುಂದಿನ ಕೋಣೆಯ ನೀಲಿ ಪರದೆ ಅದು. ನಿನ್ನ ಅಜ್ಜಿ ತಾನೇ ಅಂಗಡಿಗೆ ಹೋಗಿ, ಅಂಗಡಿಯವನು ಬಟ್ಟೆ ಎಳೆದು ಅಳೆಯುತ್ತಾನೆಂದು ಜಗಳ ತೆಗೆದು ತಂದದ್ದು. ಇದ್ದಿದ್ದರೆ ನನ್ನನ್ನು ಚೆನ್ನಾಗಿ ವಿಚಾರಿಸಿಕೊಳ್ಳುತ್ತಿದ್ದಳು.

ಯಾರಿಗೆ ಕೊಟ್ಟೆ ಎಂದು ಹೇಳಲೇ ಇಲ್ಲ ನೋಡು. ಟು ಬಿಗಿನ್ ವಿತ್, ನಮ್ಮ ಕಟ್ಟಡದ ಮಕ್ಕಳು, ಮಕ್ಕಳೇನು, ನಿನ್ನ ಹಾಗೇ ಹದಿನೈದು ಹದಿನಾರರವರು, ಸೇರಿ ಒಂದು ಶಿಸ್ತಿನ ಪಡೆ ಕಟ್ಟಿದ್ದಾರೆ. ಮೆಟ್ಟಿಲ ಮೂಲೆಯಲ್ಲಿ ಉಗುಳುವವರು, ಕಸದ ಚೀಲವನ್ನು ಮೇಲಿಂದಲೇ ಎಸೆಯುವವರು, ದಾರಿಗಡ್ಡವಾಗಿ ಗಾಡಿ ನಿಲ್ಲಿಸುವವರು, ಎಲ್ಲರನ್ನೂ ಹಿಡಿದು ನಿಲ್ಲಿಸುತ್ತಾರೆ. ಮೂವತ್ತು ವರ್ಷ ನಾವು ದೊಡ್ಡವರು ಸಭೆ ಮಾಡಿ ಚಹಾ ಕುಡಿದೆವೇ ಹೊರತು ಒಬ್ಬನ ಬಾಯಿಂದ ಒಂದು ಉಗುಳು ನಿಲ್ಲಿಸಲಾಗಲಿಲ್ಲ. ಇವರು ಒಂದು ತಿಂಗಳಲ್ಲಿ ಮೆಟ್ಟಿಲನ್ನು ಕನ್ನಡಿ ಮಾಡಿದರು. ಕಟ್ಟಡದ ಸಂಘದ ಅಧ್ಯಕ್ಷರಿಗಂತೂ ಹಿಗ್ಗೋ ಹಿಗ್ಗು. ನೀವೇ ನೋಡಿಕೊಳ್ಳಿ ಎಂದು ಕಟ್ಟಡದ ಬೀಗದಕೈ ಗೊಂಚಲನ್ನೇ ಅವರ ಕೈಗಿಟ್ಟು, ಈಗ ಸಂಜೆಹೊತ್ತು ನಿಶ್ಚಿಂತೆಯಾಗಿ ಟಿವಿ ನೋಡುತ್ತಾರೆ.

ಈ ಪಡೆಗೆ ತೋಳುಪಟ್ಟಿ ಬೇಕಿತ್ತು. ಇಡೀ ಊರಿನ ಶಾಲೆಗಳಿಗೆ ಸಮವಸ್ತ್ರ ಹೊಲಿದ ದರ್ಜಿ ಮೂರನೇ ಮಹಡಿಯಲ್ಲಿ ಕೂತಿರುವಾಗ ಬೇರೆಯವರ ಹತ್ತಿರ ಯಾಕೆ ಹೋಗುತ್ತಾರೆ? ನನ್ನ ತಲೆಯ ಮೇಲಿನ ಮನೆಯ ಹುಡುಗಿ ಬಂದು ಕೇಳಿದಳು. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತದೆ, ಅದಕ್ಕೇ ಎಲ್ಲರೂ ಅವಳನ್ನು ಸೀಟಿ ಎಂದೇ ಕರೆಯುವುದು. ಪಡೆಗೆ ಅವಳೇ ಮುಖ್ಯಸ್ಥೆ. ಎಷ್ಟು ವಿನಯ ಅಂತೀ, ಚಪ್ಪಲಿ ಹೊರಗೆ ಬಿಟ್ಟು ಬಂದು, ನಾನು ಹೇಳಿದ ಮೇಲೇ ಕೂತಳು. ಮನೆಯಲ್ಲಿ ಬೇರೆ ಬಟ್ಟೆ ಇರಲಿಲ್ಲ. ಕೊಟ್ಟೆ.

ನಮ್ಮ ಎದುರುಮನೆ ಬ್ಯಾಂಡ್ ಮೇಷ್ಟ್ರು ನಿನಗೆ ನೆನಪಿರಬೇಕಲ್ಲ, ನೀನು ಚಿಕ್ಕವಳಿದ್ದಾಗ ಬಂದಿದ್ದೆಯಲ್ಲ, ಟ್ರಂಪೆಟ್ ಊದಿ ತೋರಿಸಿ ಅಳಿಸಿದ್ದರಲ್ಲ, ಅವರೇ. ಶಾಲೆಯಲ್ಲಿ ಮಕ್ಕಳಿಗೆ ಬ್ಯಾಂಡ್ ಕಲಿಸಿ ನಿವೃತ್ತರಾದವರು. ದಿನಾ ಸಂಜೆ ಚದುರಂಗಕ್ಕೆ ಬರುತ್ತಾರೆ, ಸೋತರೆ ಕುದುರೆಯನ್ನು ಜೇಬಿಗಿಳಿಸಿಕೊಂಡು ಹೋಗುತ್ತಾರೆ. ನಾನು ಪಟ್ಟಿ ಹೊಲಿಯುವುದನ್ನು ನೋಡಿ, ಹೆಂಡತಿಯ ಮರ್ಯಾದೆಯನ್ನು ಕತ್ತರಿಸಿ ಮಕ್ಕಳ ತೋಳಿಗೆ ಕಟ್ಟುತ್ತಿದ್ದೀಯಲ್ಲಯ್ಯ, ಇನ್ನು ನಿನ್ನ ಕಿಟಕಿ ಬೆತ್ತಲೆ, ಎಂದರು. ಬೆತ್ತಲೆಯೇನೋ ನಿಜ, ಎದುರು ಸಾಲಿನವರಿಗೆಲ್ಲ ನನ್ನ ಕೋಣೆ ಈಗ ಸಿನಿಮಾ.

ನಿನ್ನಮ್ಮ ಹೇಳಿದ್ದಾಳೆ, ಅಷ್ಟು ದೂರದ ದೇಶದಲ್ಲಿ ಹುಡುಗಿಗೆ ನಮ್ಮ ಭಾಷೆ ಕೈಬಿಡಬಾರದು, ಫೋನಿನಲ್ಲಂತೂ ಅಪ್ಪಾ ನಿಮಗೆ ಕಿವಿ ಕೇಳಿಸದು, ಕಾಗದ ಬರೆಯಿರಿ ಎಂದು. ಆದ್ದರಿಂದ ಬರೆಯುತ್ತೇನೆ. ನಿನ್ನ ಫೋನ್ ನಂಬರನ್ನು ಸೀಟಿಗೂ ಕೊಟ್ಟಿದ್ದೇನೆ. ಒಂದೇ ವಯಸ್ಸು, ಎರಡು ದೇಶ, ಮಾತಾಡಿಕೊಳ್ಳಿ. ದಿ ಯೂತ್ ಆಫ್ ಟುಡೇ ಈಸ್ ದಿ... ಕಾಲೇಜಿನಲ್ಲಿ ಪ್ರಬಂಧವೇ ಬರೆದಿದ್ದೆ, ಮುಂದಿನದು ಹಾರಿಹೋಗಿದೆ. ಜೂನ್‌ನಲ್ಲಿ ಬರುತ್ತೀಯಲ್ಲ? ಎಂಟು ವರ್ಷವಾಯಿತು ನಿನ್ನನ್ನು ನೋಡಿ. ನನಗಿನ್ನೇನೂ ಬೇಡ, ಅದೊಂದಾದರೆ ಸಾಕು.

ಅರೆ, ಅಕ್ಷರ ಮಸುಕಾಗುತ್ತಿದೆ. ಎದ್ದು ದೀಪ ಹಾಕಬೇಕು.

ಯುವರ್ಸ್ ಅಫೆಕ್ಷನೇಟ್ಲಿ,
ತಾತ


ಫೆಬ್ರವರಿ ೨೦

ತಾತ,

ನಿಮ್ಮ ಕಾಗದ ಓದಿದೆ. ಈ ಸಲ ಅಮ್ಮ ತಿದ್ದಿಲ್ಲ, ನಾನೇ ಬರೆದಿದ್ದೇನೆ.

ಸೀಟಿ ಜೊತೆ ಮಾತಾಡಿದೆ. ತುಂಬಾ ಇಷ್ಟವಾದಳು. ನಿಮ್ಮ ಕಡೆಯ ಮಕ್ಕಳು ಇಷ್ಟು ಮುಂದಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಇಲ್ಲಿ ಎಲ್ಲರೂ ಇಷ್ಟ ಬಂದ ಹಾಗೆ ಇರ್ತಾರೆ, ಅದಕ್ಕೆ ಸ್ವಾತಂತ್ರ್ಯ ಅಂತ ಹೆಸರು. ಟೀಚರ್‌ಗೆ ಯಾರೂ ಹೆದರಲ್ಲ. ಟೀಚರ್‌ಗೇ ನಮ್ಮ ಹೆದರಿಕೆ. ಅದಕ್ಕೇ ನಮ್ಮ ಕ್ಲಾಸಿನ ಕೆಲವರು ಒಂದು ತಂಡ ಮಾಡಿಕೊಂಡಿದ್ದೇವೆ. ನಾವು ಯಾರನ್ನೂ ಹೊಡೆಯಲ್ಲ, ಬೈಯಲ್ಲ. ತಪ್ಪು ಮಾಡಿದವರ ಜೊತೆ ಮಾತು ನಿಲ್ಲಿಸುತ್ತೇವೆ, ಅಷ್ಟೇ. ಇಡೀ ಕ್ಲಾಸು. ಅವರು ಎದುರಿಗೆ ಬಂದರೆ ಅಲ್ಲಿ ಯಾರೂ ಇಲ್ಲ ಅನ್ನೋ ಹಾಗೆ ಇರ್ತೇವೆ. ತುಂಬಾ ಬೇಗ ಸರಿಹೋಗ್ತಾರೆ. ಸೀಟಿಗೆ ಇದು ಹೊಸದು, ಬರೆದುಕೊಂಡಳು.

ನನಗೂ ಒಂದು ತೋಳುಪಟ್ಟಿ ಹೊಲಿದು ಕಳಿಸಿ. ತೋಳಿನ ಸುತ್ತಳತೆ ಕೆಳಗೆ ಬರೆದಿದ್ದೇನೆ. ಅಜ್ಜಿಯ ಪರದೆಯದೇ ಆಗಬೇಕು.

ಆ ಮೇಷ್ಟ್ರು ಯಾಕೆ ಎಲ್ಲದಕ್ಕೂ ನಗುತ್ತಾರೆ? ಅವರ ಬಗ್ಗೆ ಇನ್ನೂ ಬರೆಯಿರಿ.

ಜೂನ್‌ನಲ್ಲಿ ಖಂಡಿತ ಬರ್ತೀನಿ.

ನಿಮ್ಮ ಮರಿ


ಮಾರ್ಚ್ ೮

ಮರೀ,

ಪಟ್ಟಿ ಇದರ ಜೊತೆಗಿದೆ. ನೀನು ಕೊಟ್ಟ ಅಳತೆಗೇ ಹೊಲಿದಿದ್ದೇನೆ, ಆದರೆ ಒಳಗೆ ಒಂದು ಬೆರಳಿನಷ್ಟು ಬಟ್ಟೆ ಮಡಚಿ ಬಿಟ್ಟಿದ್ದೇನೆ. ಬೆಳೆಯುವ ಮಕ್ಕಳಿಗೆ ಹಾಗೇ ಹೊಲಿಯುವುದು ನನ್ನ ರೂಢಿ. ಎಷ್ಟು ತಾಯಂದಿರು ಮರುವರ್ಷ ಬಂದು ಬಿಚ್ಚಿಸಿಕೊಂಡು ಹೋಗಿಲ್ಲ! ನಿನ್ನ ತೋಳು ಇಷ್ಟು ದಪ್ಪವಾಯಿತೇ ಎಂದು ಅಳತೆ ಟೇಪನ್ನು ಸುತ್ತಿಟ್ಟುಕೊಂಡು ಬಹಳ ಹೊತ್ತು ನೋಡುತ್ತಾ ಕೂತೆ. ನಾನು ಕಡೆಯ ಸಲ ಹಿಡಿದಾಗ ಅದು ನನ್ನ ಎರಡು ಬೆರಳಿನ ಉಂಗುರದೊಳಗೆ ಹಿಡಿಸುತ್ತಿತ್ತು.

ಮೇಷ್ಟ್ರ ಬಗ್ಗೆ ನೀನು ಕೇಳಿದ್ದು ನನಗೆಷ್ಟು ಸಂತೋಷವಾಯಿತು ಗೊತ್ತೇ? ಮುದುಕನ ಗೆಳೆಯ ಯಾರು, ಹೇಗಿದ್ದಾನೆ ಎಂದು ಈ ಕಾಲದ ಯಾವ ಹುಡುಗಿ ಕೇಳುತ್ತಾಳೆ? ಪಡೆಯವರು ಸಂಜೆ ಐದರ ಮೇಲೆ ಸದ್ದು ಮಾಡಬಾರದೆಂದು ನಿಯಮ ಮಾಡಿದ್ದಾರೆ, ಪರೀಕ್ಷೆ ಹತ್ತಿರ ಬಂತಲ್ಲ. ಮೇಷ್ಟ್ರಿಗೆ ಟ್ರಂಪೆಟ್ ಮುಟ್ಟದೆ ಊಟ ಸೇರುವುದಿಲ್ಲ. ಪಟ್ಟಿ ಹೊಲಿದು ಉಳಿದ ಪರದೆ ಚೂರನ್ನು ಕೊಟ್ಟೆ, ಅದನ್ನು ಅದರ ಬಾಯಿಗೆ ತುರುಕಿ ಊದುತ್ತಾರೆ. ನೆಗಡಿಯಾದ ಆನೆಮರಿಯ ಹಾಗೆ ಕೇಳಿಸುತ್ತದೆ. ಆದರೂ ಸೀಟಿ ಬಂದು ಬಾಗಿಲು ಬಡಿದಳು. ಅವಳು ಹೋದ ಮೇಲೆ ನನ್ನ ಹತ್ತಿರ ಬಂದು ಕೂತು ಹೇಳಿದರು: "ಮೊನ್ನೆ ಮೊನ್ನೆವರೆಗೂ ಇವಕ್ಕೆಲ್ಲ ನಾನೇ ಮೂಗು ಒರೆಸಿದ್ದು. ಈಗ ನನ್ನ ಉಸಿರಿಗೇ ಟೈಂಟೇಬಲ್ ಹಾಕ್ತಾವಲ್ಲಯ್ಯ." ನಾನು ನಕ್ಕು ನಕ್ಕು ಚದುರಂಗದ ಮಣೆ ಮಗುಚಿಬಿತ್ತು. ನೀನೂ ನಗಲಿ ಎಂದು ಬರೆದೆ.

ಮೇಲೆ ನೋಡಲು ಹಾಗೆ, ಒಳಗೆ ಪಾಪ. ನಿನಗೆ ಮಾತ್ರ ಹೇಳುತ್ತೇನೆ, ಯಾರಿಗೂ ಬಾಯಿ ಬಿಡಬೇಡ. ಅವರಿಗೆ ಬೆಳಕು ಇಳಿದ ಮೇಲೆ ಕಣ್ಣು ಕಾಣಿಸುವುದಿಲ್ಲ. ಮಂಜು ಅಂತಲ್ಲ, ಏನೂ ಇಲ್ಲವೇ ಇಲ್ಲ. ಹಾಲು ತರಲು ಕೆಳಗಿಳಿದು ಹೊತ್ತಾದರೆ ಮೆಟ್ಟಿಲ ಬಲ್ಬಿನ ಕೆಳಗೆ ಗೋಡೆ ಸವರಿಕೊಂಡು ಬರುತ್ತಾರೆ. ಯಾರಾದರೂ ಕಂಡರೆ ಗೋಡೆಯ ಬಣ್ಣ ಪರೀಕ್ಷೆ ಮಾಡುತ್ತಿದ್ದೇನೆ ಎನ್ನುತ್ತಾರೆ. ಗೊತ್ತಾದರೆ ಕುರುಡ ಎಂದು ಒಬ್ಬರೇ ಇರಲು ಬಿಡದೆ ಎಲ್ಲಾದರೂ ಆಶ್ರಮಕ್ಕೆ ಹಾಕುತ್ತಾರೆಂದು ಭಯ. ನನಗೆ ಹೇಳುವಾಗಲೂ ಎರಡು ಸಲ ಬಾಗಿಲ ಕಡೆ ನೋಡಿದರು. ನೈದರ್ ಎಂದ ಮೇಲೆ ನಾರ್ ಬರಬೇಕು, ಹಾಗೆ ನಾನಿಲ್ಲದೆ ಅವರಿಲ್ಲ, ಅವರಿಲ್ಲದೆ ನಾನಿಲ್ಲ, ಈ ಮಹಡಿಯಲ್ಲಿ.

ನೀನು ಬಂದಾಗ ಮೂವರೂ ಕೂತು ಆಡೋಣ. ಅವರು ಮೋಸ ಮಾಡುತ್ತಾರೆ, ನೀನು ಕುದುರೆಗಳ ಮೇಲೆ ಕಣ್ಣಿಡು.

ಯುವರ್ಸ್ ಅಫೆಕ್ಷನೇಟ್ಲಿ,
ತಾತ


ಮಾರ್ಚ್ ೨೪

ತಾತ,

ಪಟ್ಟಿ ಬಂತು. ಸರಿಯಾಗಿ ಕೂರುತ್ತೆ. ಈಗ ತಂಡದ ಎಲ್ಲರೂ ಹಾಗೇ ಮಾಡಿಸಿಕೊಂಡಿದ್ದಾರೆ. ಕೈಗೆ ಕಟ್ಟಿಕೊಂಡು ಕಾರಿಡಾರಿನಲ್ಲಿ ನಡೆದರೆ ಜನ ತಾವಾಗಿಯೇ ಪಕ್ಕಕ್ಕೆ ಸರೀತಾರೆ.

ನನ್ನ ಗೆಳತಿ ಒಬ್ಬಳಿದ್ದಳಲ್ಲ, ಹಲ್ಲಿಗೆ ತಂತಿ ಹಾಕಿಸಿಕೊಂಡವಳು. ಐದನೇ ಕ್ಲಾಸಿಂದ ನನ್ನ ಪಕ್ಕವೇ ಕೂರುತ್ತಿದ್ದಳು. ಅವಳು ಪಟ್ಟಿ ನೋಡಿ ನಕ್ಕಳು. ಅವಳ ಜೊತೆ ಮಾತು ನಿಲ್ಲಿಸಬೇಕು ಅಂತ ನಾನೇ ಸೂಚಿಸಿದೆ. ನನ್ನ ಗೆಳತಿಯಾದ್ದರಿಂದ ನಾನೇ ಸೂಚಿಸೋದು ನ್ಯಾಯ. ಈಗ ಅವಳು ಊಟದ ಡಬ್ಬಿಯನ್ನು ಟಾಯ್ಲೆಟ್ಟಿನಲ್ಲಿ ಕೂತು ತಿಂತಾಳಂತೆ. ಅದು ಅವಳ ಆಯ್ಕೆ.

ಮೇಷ್ಟ್ರ ವಿಷಯ. ನೀವು ಬರೆದದ್ದನ್ನು ಸೀಟಿಗೆ ಓದಿ ಹೇಳಿದೆ, ಪೂರ್ತಿ. ಯಾರಿಗೂ ಹೇಳಬೇಡ ಅಂತ ಬರೆದಿದ್ದಿರಿ, ಆದರೆ ಗುಟ್ಟು ಇಟ್ಟುಕೊಳ್ಳಬಾರದು ಅನ್ನೋದು ನಮ್ಮ ಎರಡೂ ಕಡೆಯ ನಿಯಮ. ನಿಮಗೆ ಅದು ಗೊತ್ತಿರಲಿಲ್ಲ, ಅದಕ್ಕೆ ನಿಮ್ಮದು ತಪ್ಪಲ್ಲ. ಮಕ್ಕಳನ್ನು ಹಾಸ್ಯ ಮಾಡೋದು, ಕಣ್ಣು ಕಾಣಿಸದಿದ್ದರೂ ಕಾಣಿಸುತ್ತೆ ಅಂತ ಸುಳ್ಳು ಹೇಳಿಕೊಂಡು ಓಡಾಡೋದು, ಎರಡೂ ತಪ್ಪು. ಅವರಿಗೆ ಯಾವ ಶಿಕ್ಷೆ ಅರ್ಥವಾಗುತ್ತೆ ಅಂತ ನಾವಿಬ್ಬರೂ ಯೋಚಿಸಿದ್ದೇವೆ.

ಅಂಗಳದಲ್ಲಿ ಸಭೆ ಇರುತ್ತೆ. ನೀವು ಕೈ ಎತ್ತಬೇಕು. ಎತ್ತದೇ ಇದ್ದರೆ ನಾನು ಜೂನ್‌ನಲ್ಲಿ ಬರೋಕೆ ಆಗಲ್ಲ. ನಿಯಮ ಮುರಿದವರ ಮನೆಯಲ್ಲಿ ನಾನು ಉಳಿದರೆ ಇಲ್ಲಿ ನನ್ನ ಮಾತು ಯಾರು ಕೇಳ್ತಾರೆ?

ಆರೋಗ್ಯ ನೋಡಿಕೊಳ್ಳಿ.

ಮರಿ


ಏಪ್ರಿಲ್ ೯

ಮರೀ,

ನಿನ್ನ ಕಾಗದ ಸಭೆಯ ಹಿಂದಿನ ದಿನ ಬಂತು. ಅಂಚೆಯವನು ತಡಮಾಡಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸುತ್ತೇನೆ, ಆಮೇಲೆ ಬಿಡುತ್ತೇನೆ.

ಅಂಗಳದಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಫೋನ್ ನೋಡುತ್ತಾ ಕೂತಿದ್ದರು. ಸೀಟಿ ಒಂದು ಕಾಗದ ಹಿಡಿದು ಓದಿದಳು, ಮೂಗು ಒರೆಸಿದ್ದು, ಟೈಂಟೇಬಲ್ಲು, ಎಲ್ಲ. ನಾನು ಬರೆದದ್ದೇ, ಒಂದಕ್ಷರ ಆಚೀಚೆ ಇಲ್ಲ. ಕಣ್ಣಿನ ವಿಷಯವನ್ನೂ ಓದಿದಳು. ನನ್ನ ಮಾತು ಅವಳ ಬಾಯಲ್ಲಿ ಎಷ್ಟು ಚೆನ್ನಾಗಿ ಕೇಳಿಸಿತು ಅಂತೀ, ಜನ ನಕ್ಕೂಬಿಟ್ಟರು. ಮೇಷ್ಟ್ರೊಬ್ಬರು ನಗಲಿಲ್ಲ. ನನ್ನ ಕಡೆ ತಿರುಗಿ ನೋಡಿದರು. ಆ ಮಾತು ಆಡಿದಾಗ ಕೋಣೆಯಲ್ಲಿ ನಾವಿಬ್ಬರೇ ಇದ್ದೆವಲ್ಲ.

ಆಮೇಲೆ ಯಾರು ಯಾರು ಒಪ್ಪುತ್ತೀರಿ ಎಂದು ಕೇಳಿದರು. ಕೈ ಎತ್ತಲ್ಪಟ್ಟಿತು. ನಮ್ಮ ಇಂಗ್ಲಿಷ್ ಪ್ರೊಫೆಸರು ಹೇಳುತ್ತಿದ್ದರು, ಪ್ಯಾಸಿವ್ ವಾಯ್ಸಿನಲ್ಲಿ ಮಾಡಿದವನ ಹೆಸರು ಹೇಳಬೇಕೆಂದಿಲ್ಲ ಎಂದು. ಎಷ್ಟು ಅನುಕೂಲದ ಭಾಷೆ. ನನ್ನ ಬಲಭುಜ ನಿನಗೆ ಗೊತ್ತಲ್ಲ, ಮಷೀನಿನ ಮುಂದೆ ಕೂತು ಕೂತು ಸವೆದದ್ದು, ಮೇಲೆತ್ತಿದರೆ ಜೀವ ಹೋಗುತ್ತದೆ. ಎಣಿಸುವವರು ನಿಧಾನವಾಗಿ ಎಣಿಸುತ್ತಿದ್ದರು. ಮೇಷ್ಟ್ರು ತಮ್ಮ ಜಾಗದಿಂದಲೇ, ಎಲ್ಲರಿಗೂ ಕೇಳುವ ಹಾಗೆ ಅಂದರು: "ಎಣಿಸಿ ಆಯ್ತಲ್ಲ, ಇಳಿಸಯ್ಯ ಕೈನ. ಭುಜ ನೋಯುತ್ತೆ ನಿನಗೆ."

ಅವರು ಬೇರೆ ಏನಾದರೂ ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶಿಕ್ಷೆ ಎರಡು. ನಿಮ್ಮ ಕಡೆಯದು, ಯಾರೂ ಮಾತಾಡಬಾರದು. ನಮ್ಮ ಕಡೆಯದು, ಕತ್ತಲೆ. ಪಡೆಯವರು ಏಣಿ ತಂದು ಅವರ ಮನೆಯ ಬಲ್ಬುಗಳನ್ನೆಲ್ಲ ಬಿಚ್ಚಿ ರಟ್ಟಿನ ಪೆಟ್ಟಿಗೆಗೆ ಹಾಕಿಕೊಂಡರು, ನಮ್ಮ ಮಹಡಿಯ ಮೆಟ್ಟಿಲ ಬಲ್ಬನ್ನೂ ಸೇರಿಸಿ. ಕೆಳಗಿನ ಅಂಗಡಿಯವನಿಗೆ ಹೊಸದು ಮಾರಬಾರದೆಂದು ತಾಕೀತು. ಒಬ್ಬ ಹುಡುಗ ಮೇನ್ ಸ್ವಿಚ್ಚನ್ನೇ ಆರಿಸೋಣ ಎಂದದ್ದಕ್ಕೆ ಸೀಟಿ ಅವನನ್ನು ಗದರಿದಳಂತೆ: "ಫ್ಯಾನ್ ತಿರುಗಲಿ ಬಿಡೋ. ವಯಸ್ಸಾದವರು, ಸೆಕೆ ಆಗುತ್ತೆ. ನಾವೇನು ಕಟುಕರಾ?"

ಆದರೂ ನಾನೊಂದು ಉಪಾಯ ಮಾಡಿದ್ದೇನೆ. ಅವರು ಹಾಲಿಗೆ ಇಳಿದು ವಾಪಸು ಬರುವ ಹೊತ್ತಿಗೆ ನನ್ನ ಬಾಗಿಲನ್ನು ತೆರೆದಿಡುತ್ತೇನೆ. ನನ್ನ ದೀಪದ ಬೆಳಕು ಅವರ ಹೊಸ್ತಿಲವರೆಗೂ ಚಾಪೆ ಹಾಸಿದ ಹಾಗೆ ಬೀಳುತ್ತದೆ. ನಾನು ಒಳಗೆ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತೇನೆ, ಒಂದು ಮಾತೂ ಆಡುವುದಿಲ್ಲ. ಅವರು ದಾಟುವಾಗ ಒಂದು ಸಲ ಕೆಮ್ಮುತ್ತಾರೆ. ಅಷ್ಟೇ. ಬಾಗಿಲು ತೆರೆದಿಡುವುದು ಮಾತಾಡಿದ ಹಾಗಲ್ಲವಲ್ಲ? ನೀನೇ ಹೇಳು. ನಿನ್ನನ್ನು ಕೇಳಿಯೇ ಮಾಡಿದಂತಾಗಲಿ ಎಂದು ಬರೆದಿದ್ದೇನೆ. ತಿಂಗಳ ಮಾತು, ಮುಗಿದುಹೋಗುತ್ತದೆ.

ಕೈ ಎತ್ತಿದೆ ಮರೀ. ಬರುತ್ತೀಯಲ್ಲ?

ತಾತ


ಏಪ್ರಿಲ್ ೨೪

ತಾತ,

ಬಾಗಿಲು ಮುಚ್ಚಿ.

ಕೈ ಎತ್ತಿದ್ದು ಸರಿ ಮಾಡಿದಿರಿ, ಆದರೆ ಮನೆಯಲ್ಲಿ ಕೂತು ಅದನ್ನೇ ಹಾಳು ಮಾಡಿದರೆ ಎತ್ತಿದ್ದು ಸುಳ್ಳು ಅಂತ ಅರ್ಥ. ಸೀಟಿಗೆ ಹೇಳಿದ್ದೇನೆ. ಅವಳಿಗೆ ಮೊದಲೇ ಅನುಮಾನವಿತ್ತು, ಎದುರು ಸಾಲಿನಿಂದ ನಿಮ್ಮ ಕಿಟಕಿ ಚೆನ್ನಾಗಿ ಕಾಣುತ್ತಂತೆ. ನಿಮ್ಮನ್ನೂ ಸಭೆಗೆ ಕರೀಬೇಕು ಅಂದಳು. ನಾನು ಬೇಡ ಅಂದೆ, ನನ್ನ ತಾತ ಮುಚ್ಚುತ್ತಾರೆ ಅಂತ ಮಾತು ಕೊಟ್ಟಿದ್ದೇನೆ. ನನ್ನ ಮಾತು ಉಳಿಸೋದು ನಿಮ್ಮ ಕೈಯಲ್ಲಿದೆ.

ಮೇಷ್ಟ್ರು ಮಕ್ಕಳ ಮುಂದೆ ನಿಂತು ತಪ್ಪಾಯ್ತು ಅನ್ನಲಿ. ಅವತ್ತೇ ಬಲ್ಬ್ ವಾಪಸ್. ಎಷ್ಟು ಸುಲಭ.

ತಂತಿ ಹಲ್ಲಿನವಳು ಶಾಲೆ ಬಿಟ್ಟಳು. ಅವಳ ಅಮ್ಮ ನಮ್ಮ ಮನೆಗೆ ಬಂದು ಅತ್ತು ಏನೇನೋ ಹೇಳಿದರು. ನಾವ್ಯಾರೂ ಅವಳನ್ನು ಮುಟ್ಟೇ ಇಲ್ಲ. ಹಾಗೇ ಹೇಳಿದೆ.

ಜೂನ್ ಹತ್ತಕ್ಕೆ ಬರ್ತೀನಿ, ನಾನೊಬ್ಬಳೇ. ಅಮ್ಮನಿಗೆ ಆಸ್ಪತ್ರೆಯಲ್ಲಿ ರಜೆ ಇಲ್ಲ. ಟಿಕೆಟ್ ಆಗಿದೆ.

ಬಾಗಿಲು ಮುಚ್ಚಿ.

ಮರಿ


ಮೇ ೧೦

ಮರೀ,

ಮುಚ್ಚಿದೆ.

ನಿನ್ನ ಕಾಗದ ಬಂದ ಸಂಜೆಯೇ ಮುಚ್ಚಿದೆ. ಟಿಕೆಟ್ ಆಗಿದೆ ಎಂಬ ಸಾಲನ್ನು ಎಷ್ಟು ಸಲ ಓದಿದೆನೋ, ಆಮೇಲೆ ಎದ್ದು ಮುಚ್ಚಿದೆ. ಚಿಲಕವನ್ನೂ ಹಾಕಿದೆ. ಮೇಷ್ಟ್ರಿಗೆ ಮೊದಲೇ ತಿಳಿಸೋಣವೆಂದರೆ ಮಾತಾಡುವಂತಿಲ್ಲವಲ್ಲ.

ಅವರು ಹಾಲಿಗೆ ಇಳಿದಿದ್ದರು. ಬರುವಾಗ ಬೆಳಕಿರುತ್ತದೆಂದು ನಂಬಿ ಸಾವಕಾಶವಾಗಿ ಬಂದರು. ಕೈ ಗೋಡೆ ಸವರುವ ಸದ್ದು ನನಗೆ ಕೇಳಿಸುತ್ತಿತ್ತು, ಒಣಗಿದ ಎಲೆಯನ್ನು ಎಳೆದ ಹಾಗೆ. ಫೋನಿನಲ್ಲಿ ಕೇಳಿಸದ ಕಿವಿ ಅವತ್ತು ಎಲ್ಲವನ್ನೂ ಕೇಳಿಸಿಕೊಂಡಿತು. ನಮ್ಮ ಮಹಡಿಗೆ ಬಂದು ನಿಂತರು. ಕೆಮ್ಮಿದರು. ಇನ್ನೊಂದು ಸಲ ಕೆಮ್ಮಿದರು. ಆಮೇಲೆ ಬಾಗಿಲ ಹತ್ತಿರ ಬಾಯಿಟ್ಟು ಮೆಲ್ಲಗೆ ಕೇಳಿದರು: "ಇದ್ದೀಯೇನಯ್ಯಾ?"

ನಾನು ಮಷೀನಿನ ಸ್ಟೂಲಿನ ಮೇಲೆ ಕೂತಿದ್ದೆ. ಎದುರು ಸಾಲಿನ ಕಿಟಕಿಯಲ್ಲಿ ಎರಡು ತಲೆ ಕಾಣುತ್ತಿದ್ದವು. ಇದ್ದೇನೆ ಎನ್ನಲಿಲ್ಲ.

ಅವರಿಗೆ ಬೇರೆ ಮಹಡಿಗೆ ಬಂದಿದ್ದೇನೆ ಅನ್ನಿಸಿರಬೇಕು. ತಮ್ಮ ಮನೆ ಇನ್ನೂ ಕೆಳಗಿದೆ ಎಂದುಕೊಂಡು ತಿರುಗಿ ಇಳಿಯಲು ಕಾಲಿಟ್ಟರು. ಮೊದಲು ಹಾಲಿನ ಪಾತ್ರೆಯ ಸದ್ದು, ಆಮೇಲೆ ಅವರದು.

ನಾನು ಓಡಿದೆ ಮರೀ, ಓಡಲಿಲ್ಲ ಅಂತಲ್ಲ. ಆದರೆ ಚಿಲಕ ತೆಗೆಯಲು ಕೈ ಬರಲಿಲ್ಲ, ಆ ಹಾಳು ಭುಜ. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು. ಕಣ್ಣು ಬಿಟ್ಟಿದ್ದರು, ನನ್ನನ್ನು ಗುರುತಿಸಲಿಲ್ಲ. ಗುರುತಿಸಿದ್ದರೇನೋ, ಮಾತಾಡಲಿಲ್ಲ. ಅವರೂ ನಿಯಮ ಪಾಲಿಸಿದರೇನೋ.

ಹೆಣ ಅಂಗಳಕ್ಕೆ ಬಂದಾಗ ಪಡೆಯ ಮಕ್ಕಳು ಎರಡು ಸಾಲಾಗಿ ನಿಂತು ಮೌನ ಆಚರಿಸಿದರು. ಒಬ್ಬನೂ ಅಲ್ಲಾಡಲಿಲ್ಲ, ನೋಡಲು ಎಷ್ಟು ಅಚ್ಚುಕಟ್ಟು. ಮೆಟ್ಟಿಲಿಗೆ ಕಂಬಿ ಹಾಕಿಸಬೇಕೆಂದು ಸೀಟಿ ಅಲ್ಲೇ ಅಧ್ಯಕ್ಷರಿಗೆ ಹೇಳಿದಳು, ಅಧ್ಯಕ್ಷರು ತಕ್ಷಣ ಒಪ್ಪಿದರು. ಈಗ ಕಂಬಿ ಬಂದಿದೆ, ಹಸಿರು ಬಣ್ಣ.

ಅವರ ಮನೆ ಖಾಲಿ ಮಾಡುವಾಗ ಟ್ರಂಪೆಟ್ಟನ್ನು ನನಗೆ ಕೊಟ್ಟರು. ಬಾಯಲ್ಲಿ ನೀಲಿ ಚೂರು ಹಾಗೇ ಇತ್ತು. ಅದನ್ನು ಕಂಡಿದ್ದೇ ನನಗೇನಾಯಿತೋ ತಿಳಿಯದು. ಸೀದಾ ಅಂಗಳಕ್ಕಿಳಿದು, ಸಾಲು ನಿಂತಿದ್ದ ಪಡೆಯ ಮುಂದೆ ಕೈ ಚಾಚಿ, ಪಟ್ಟಿ ಬಿಚ್ಚಿ ಕೊಡಿ, ಅದು ನನ್ನ ಹೆಂಡತಿಯ ಪರದೆ, ನನ್ನ ಕಿಟಕಿಗೆ ಬೇಕು ಎಂದೆ. ಒಬ್ಬ ಹುಡುಗನ ತೋಳಿಗೆ ಕೈ ಹಾಕಿ ಎಳೆದೂಬಿಟ್ಟೆ. ಹೊಲಿಗೆ ಗಟ್ಟಿ, ಬರಲಿಲ್ಲ. ಸೀಟಿ ಬೈಯಲಿಲ್ಲ. ಮನೆಗೆ ಹೋಗಿ ತಾತ, ತೀರ್ಮಾನ ತಿಳಿಸ್ತೇವೆ ಎಂದಳು.

ಏನಾದರೂ ತೀರ್ಮಾನ ಮಾಡಿಕೊಳ್ಳಲಿ. ನೀನು ಬಾ. ನಾವಿಬ್ಬರೇ ಕೂತು ಆಡೋಣ. ಬಿಳಿಯ ಕುದುರೆ ಒಂದಿಲ್ಲ, ಅವರ ಜೇಬಿನಲ್ಲೇ ಹೋಯಿತು. ಗುಂಡಿ ಇಟ್ಟುಕೊಂಡು ಆಡಬಹುದು.

ತಾತ


ಮೇ ೨೬

ತಾತ,

ಮೇಷ್ಟ್ರ ವಿಷಯಕ್ಕೆ ವಿಷಾದವಿದೆ. ತಪ್ಪಾಯ್ತು ಅಂತ ಒಂದು ಮಾತು ಅಂದಿದ್ದರೆ ಹೀಗಾಗುತ್ತಿರಲಿಲ್ಲ. ಅದರಿಂದ ಎಲ್ಲರೂ ಕಲಿಯೋದಿದೆ.

ನೀವು ಪಡೆಯವನ ಮೇಲೆ ಕೈ ಮಾಡಿದ್ದನ್ನು ಸೀಟಿ ಹೇಳಿದಳು. ಅವರೆಲ್ಲ ನಿಮಗೆ ಬರೀ ಎಚ್ಚರಿಕೆ ಸಾಕು ಅಂತಿದ್ದರು, ನನ್ನ ತಾತ ಅಂತ. ಅದು ನನಗೆ ಅವಮಾನ. ಆದ್ದರಿಂದ ಎರಡೂ ಶಿಕ್ಷೆ ಆಗಬೇಕು ಅಂತ ನಾನೇ ಸೂಚಿಸಿದೆ. ಎಲ್ಲರೂ ಒಪ್ಪಿದರು. ಜೂನ್ ಹನ್ನೊಂದರಿಂದ ಮೂವತ್ತರವರೆಗೆ, ಮಾತಿಲ್ಲ, ಬೆಳಕಿಲ್ಲ.

ಟಿಕೆಟ್ ಬದಲಿಸೋಕೆ ಆಗಲ್ಲ, ಅದಕ್ಕೆ ಬರ್ತೀನಿ. ಸೀಟಿ ಮನೆಯಲ್ಲಿ ಉಳ್ಕೊಳ್ತೀನಿ. ವಾಪಸ್ ವಿಮಾನ ಜೂನ್ ಇಪ್ಪತ್ತೆಂಟಕ್ಕೆ. ನಿಮ್ಮ ಅವಧಿಗೂ ಇದಕ್ಕೂ ಹೊಂದಲ್ಲ ಅಂತ ಗೊತ್ತು. ನಮ್ಮವರಿಗೆ ಅಂತ ಎರಡು ದಿನ ಕಡಿಮೆ ಮಾಡಿದರೆ ಅದು ನಿಯಮವೇ ಅಲ್ಲ.

ಅಮ್ಮ ಅಡುಗೆಮನೆಯಲ್ಲಿ ಕೂತು ಅಳ್ತಿದ್ದಾಳೆ. ವಿವರಿಸಿ ಹೇಳಿದೆ, ಕೇಳಲ್ಲ. ಅವಳ ಜೊತೆಗೂ ಸ್ವಲ್ಪ ದಿನ ಮಾತು ನಿಲ್ಲಿಸಿದ್ದೇನೆ.

ಇದು ನಿಮ್ಮ ಮೇಲಿನ ಪ್ರೀತಿಯಿಂದಲೇ.

ಮರಿ


ಜೂನ್ ೨೭

ಮರೀ,

ಈ ಕಾಗದಕ್ಕೆ ಅಂಚೆಚೀಟಿ ಬೇಕಿಲ್ಲ. ಮೆಟ್ಟಿಲು ಹತ್ತಿ ಬಾಗಿಲ ಸಂದಿಯಲ್ಲಿ ತೂರಿಸಿ ಬರುತ್ತೇನೆ, ನಿಮ್ಮ ಹಸಿರು ಕಂಬಿ ಹಿಡಿದುಕೊಂಡು. ಬರೆಯುವುದೂ ಮಾತೋ ಅಲ್ಲವೋ, ಪಡೆಯವರು ಇನ್ನೂ ತೀರ್ಮಾನಿಸಿದಂತಿಲ್ಲ. ತೀರ್ಮಾನಿಸುವ ಮುಂಚೆ ಬರೆದುಬಿಡುತ್ತೇನೆ. ಇದನ್ನು ಸೀಟಿಗೆ ಓದಿ ಹೇಳುತ್ತೀಯೆಂದು ಗೊತ್ತು. ಓದು. ನನಗೆ ಬರೆಯಲು ಇನ್ಯಾರಿದ್ದಾರೆ?

ನಿನ್ನ ಹೆಜ್ಜೆ ನನಗೆ ಗುರುತು ಸಿಕ್ಕಿಬಿಟ್ಟಿದೆ. ಸೀಟಿಯದು ಟಪಟಪ, ನಿನ್ನದು ಹಿಮ್ಮಡಿ ಮೊದಲು. ನಿನ್ನ ಅಜ್ಜಿಯದೂ ಹಾಗೇ ಇತ್ತು. ಬೆಳಿಗ್ಗೆ ಎದ್ದು ಕಿಟಕಿಯ ತನಕ ಹೋಗುತ್ತೀ, ಅಲ್ಲಿ ಒಂದು ನಿಮಿಷ ನಿಲ್ಲುತ್ತೀ. ಅದೇ ಕಿಟಕಿಯ ಕೆಳಗೆ ನಾನೂ ನಿಂತಿರುತ್ತೇನೆ. ನಡುವೆ ಒಂದು ಸೂರು. ಎಂಟು ವರ್ಷ ಎಷ್ಟು ದೂರವಿದ್ದೆ, ಈಗ ಕೋಲು ತಗುಲಿಸಿದರೆ ಸದ್ದು ಕೇಳಿಸುವಷ್ಟು ಹತ್ತಿರ. ತಗುಲಿಸಲಿಲ್ಲ, ಹೆದರಬೇಡ. ಕೋಲು ಎತ್ತಲು ಭುಜವೂ ಬಿಡುವುದಿಲ್ಲ.

ಹನ್ನೊಂದನೆಯ ತಾರೀಖು ನೀನು ನನ್ನ ಮನೆಗೆ ಬಂದೆಯಲ್ಲ, ಬಲ್ಬು ಬಿಚ್ಚಲು. ಸಂಜೆ, ದೀಪ ಹೊತ್ತಿಸಿಕೊಂಡು ಕಾಯುತ್ತಾ ಕೂತಿದ್ದೆ. ಯಾರನ್ನಾದರೂ ಕಳಿಸುತ್ತಾರೆ ಎಂದುಕೊಂಡಿದ್ದೆ. ಬಾಗಿಲಲ್ಲಿ ನೀನು. ಎಷ್ಟು ಎತ್ತರವಾಗಿದ್ದೀ! ನೀನು ನನ್ನ ಸ್ಟೂಲನ್ನೇ ಎಳೆದುಕೊಂಡು ಹತ್ತಿದೆ. ಅದರ ಒಂದು ಕಾಲು ಕುಂಟು, ನಿನಗೆ ಗೊತ್ತಿಲ್ಲ, ಅದಕ್ಕೆ ನಾನು ಬಂದು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಲ್ಬು ಕಾದಿತ್ತು, ನೀನು ಬೆರಳು ಸುಟ್ಟು ಊದಿಕೊಂಡೆ. ನಾನು ಕರವಸ್ತ್ರ ಮೇಲೆ ಚಾಚಿದೆ. ನೀನು ತೆಗೆದುಕೊಂಡೆ, ಸುತ್ತಿ ಬಿಚ್ಚಿದೆ. ಕತ್ತಲಾದ ಮೇಲೂ ಸ್ವಲ್ಪ ಹೊತ್ತು ನಾನು ಸ್ಟೂಲು ಬಿಡಲಿಲ್ಲ, ನೀನು ಇಳಿದದ್ದು ಗೊತ್ತಾಗಲಿಲ್ಲ. ಬೆಳಿಗ್ಗೆ ನೋಡಿದರೆ ಕರವಸ್ತ್ರ ಮೇಜಿನ ಮೇಲೆ ನಾಲ್ಕು ಮಡಿಕೆಯಾಗಿ ಇತ್ತು. ಅದನ್ನು ಇನ್ನೂ ಒಗೆದಿಲ್ಲ.

ಹೇಳಬೇಕಾದದ್ದು ಇದು. ಸ್ಟೂಲಿನ ಮೇಲೆ ನೀನು ಕೈ ಎತ್ತಿದಾಗ ಪಟ್ಟಿ ನನ್ನ ಕಣ್ಣ ಮಟ್ಟಕ್ಕೆ ಬಂತು. ಬಿಗಿಯಾಗಿದೆ ಮರೀ. ತೋಳಿನಲ್ಲಿ ಕೆಂಪಗೆ ಗೆರೆ ಬಿದ್ದಿತ್ತು. ನಾಲ್ಕು ತಿಂಗಳಿಗೇ ಇಷ್ಟು ಬೆಳೆದಿದ್ದೀ. ಒಳಗೆ ಬಟ್ಟೆ ಬಿಟ್ಟಿದ್ದೇನೆಂದು ಬರೆದಿದ್ದೆನಲ್ಲ, ಬಿಚ್ಚಿ ಹೊಲಿದರೆ ಒಂದು ಬೆರಳು ಸಡಿಲವಾಗುತ್ತದೆ. ಬೇರೆ ದರ್ಜಿಗೆ ಕೊಡಬೇಡ, ನನ್ನ ಹೊಲಿಗೆ ಬಿಚ್ಚುವುದು ಅವರಿಗೆ ತಿಳಿಯುವುದಿಲ್ಲ, ಬಟ್ಟೆ ಹರಿದುಹೋಗುತ್ತದೆ. ರಾತ್ರಿ ಮಲಗುವ ಮುಂಚೆ ಪಟ್ಟಿಯನ್ನು ಕಂಬಿಗೆ ಸಿಕ್ಕಿಸಿ ಹೋಗು. ನಿನ್ನ ಗಾಡಿ ಹತ್ತು ಗಂಟೆಗಂತೆ, ಮೆಟ್ಟಿಲಲ್ಲಿ ಮಕ್ಕಳು ಮಾತಾಡಿಕೊಳ್ಳುತ್ತಿದ್ದರು. ಬೆಳಕು ಹರಿದ ಕೂಡಲೇ ಕೂತರೆ ಅಷ್ಟರಲ್ಲಿ ಮುಗಿಸಿ ಅಲ್ಲೇ ಸಿಕ್ಕಿಸಿರುತ್ತೇನೆ. ಮಾತಾಡುವ ಅಗತ್ಯವೇ ಬರುವುದಿಲ್ಲ, ನಿಯಮಕ್ಕೆ ಏನೂ ಆಗುವುದಿಲ್ಲ.

ಇನ್ನೇನೋ ಬರೆಯುವುದಿತ್ತು. ಮೇಷ್ಟ್ರು ಬಾಗಿಲ ಹೊರಗಿಂದ ಕೇಳಿದ್ದು ಒಂದೇ ಮಾತು, ಅದಕ್ಕೆ ಉತ್ತರ ಇಂಗ್ಲಿಷಿನಲ್ಲಿ ಎಷ್ಟು ಚಿಕ್ಕದು ನೋಡು, ಪ್ರೆಸೆಂಟ್ ಸರ್, ಹಾಜರಿ ಕೂಗಿದಾಗ ಕಾಲೇಜಿನಲ್ಲಿ ದಿನಾ ಹೇಳುತ್ತಿದ್ದೆ

ಈಗ ಅಕ್ಷರದ ಮೇಲೆ ಅಕ್ಷರ ಬೀಳುತ್ತಿದೆ. ಮೇಲೆ ನೀವು ದೀಪ ಹಾಕಿದಿರಿ, ಕಿಟಕಿಯ ಹೊರಗಿನ ಗೋಡೆಗೆ ಹಳದಿಯಾಗಿ ಬಿದ್ದಿದೆ, ನನ್ನ ಕಾಗದದವರೆಗೆ ಬರುವುದಿಲ್ಲ. ಸೂಜಿಗೆ ದಾರ ಪೋಣಿಸುವಷ್ಟು ಬೆಳಕು ಇನ್ನೂ ಇದೆ. ಅದೊಂದನ್ನು ಮಾಡಿಕೊಳ್ಳುತ್ತ